ಲ್ಯಾಬಿನ ಖಾಲಿ ಕಂಪ್ಯೂಟರಿಗೂ ಒಂದು ಹಿಸ್ಸಾ

ನಮ್ಮ ವಾಣಿಜ್ಯ ವಿಭಾಗದಲ್ಲಿ ಕಣಭೌತಶಾಸ್ತ್ರದ ಮಾತೆತ್ತಿದರೆ “ಅದು ಸೈನ್ಸ್‌ನವರ ವಿಷಯ ಬಿಡು” ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ದೊಡ್ಡ ತಲೆನೋವು ಲೆಕ್ಕದ್ದೇ.

ಜಿನೀವಾ ಹತ್ತಿರದ ಸರ್ನ್ ಸಂಸ್ಥೆ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುತ್ತದೆ. ಸೆಕೆಂಡಿಗೆ ಸುಮಾರು ನೂರು ಕೋಟಿ ಡಿಕ್ಕಿ! ಬಹುಪಾಲನ್ನು ಅಲ್ಲೇ ಕೈಬಿಟ್ಟರೂ ಉಳಿದ ಮಾಹಿತಿಯನ್ನು ಒಂದೇ ಊರಿನ ಕಂಪ್ಯೂಟರುಗಳು ನೋಡಿ ಮುಗಿಸಲಾರವು. ಅದಕ್ಕೇ 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳನ್ನು ಜೋಡಿಸಿ ‘ಗ್ರಿಡ್’ ಮಾಡಿಕೊಂಡಿದ್ದಾರೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಅದರಲ್ಲಿದೆ. 2012ರ ಜುಲೈ 4ರಂದು ಹಿಗ್ಸ್ ಕಣ ಸಿಕ್ಕ ಸುದ್ದಿಯ ಹಿಂದೆ ಈ ಹಂಚಿಕೊಂಡ ಲೆಕ್ಕವಿತ್ತು.

ಹೀಗೆ ಹಂಚಲು ಬರುವುದಾದರೂ ಹೇಗೆ? ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಪಕ್ಕದವರು ಮುಗಿಸಲಿ ಎಂದು ಯಾರೂ ಕಾಯುವುದಿಲ್ಲ, ಸಂಜೆ ತೂಕಕ್ಕೆ ಎಲ್ಲವೂ ಒಂದು ಕಡೆ. ಒಂದು ಡಿಕ್ಕಿಯ ಲೆಕ್ಕಕ್ಕೆ ಇನ್ನೊಂದರ ಉತ್ತರ ಬೇಕಿಲ್ಲ, ಹಾಗಾಗಿ ಅದನ್ನೂ ಸಾಲು ಸಾಲಾಗಿ ಹಂಚಬಹುದು. ನಮ್ಮ ಮನೆಯ ಉರ್ದುವಿನಲ್ಲಿ ಇದು ಹಿಸ್ಸಾ. ಹೊಲದ ಸರ್ವೆ ನಂಬರಿನಲ್ಲೂ ಅದೇ ಪದ.

ಆ ಗ್ರಿಡ್‌ಗೆ ಸೇರುವಷ್ಟು ದೊಡ್ಡ ಯಂತ್ರಗಳು ನಮ್ಮಲ್ಲಿಲ್ಲ. ಆದರೆ 2004ರಲ್ಲಿ ‘ಎಲ್‌ಎಚ್‌ಸಿ ಅಟ್ ಹೋಮ್’ ಎಂಬ ಇನ್ನೊಂದು ದಾರಿ ತೆರೆಯಿತು. ‘ಬಾಯಿಂಕ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಯಾರದೇ ಕಂಪ್ಯೂಟರ್ ಸುಮ್ಮನಿರುವ ಹೊತ್ತಿನಲ್ಲಿ ಅಲ್ಲಿನ ಸಣ್ಣ ಲೆಕ್ಕಗಳನ್ನು ಮಾಡಿ ಕಳಿಸುತ್ತದೆ. ನಮ್ಮ ಲ್ಯಾಬಿನಲ್ಲಿ ಟ್ಯಾಲಿ ತರಗತಿ ಮುಗಿದರೆ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸಿ ಬೀಗ ಹಾಕುತ್ತಾರೆ. ಐದನ್ನಾದರೂ ಈ ಕೆಲಸಕ್ಕೆ ಬಿಡಬೇಕು ಎಂಬುದು ನನ್ನ ಒತ್ತಾಯ.

ಕರೆಂಟ್ ಬಿಲ್ ಯಾರು ಕಟ್ಟಬೇಕು? ಸರಿಯಾದ ಪ್ರಶ್ನೆ. ಒಂದು ಕಂಪ್ಯೂಟರಿಗೆ 100 ವ್ಯಾಟ್ ಹಿಡಿಯಿರಿ, ಐದು ಕಂಪ್ಯೂಟರ್ ಎರಡು ಗಂಟೆ ನಡೆದರೆ 1 ಯೂನಿಟ್. ಬೇಸಿಗೆಯಲ್ಲಿ ಬೇಡ, ಯಾದಗಿರಿ ಬಿಸಿಲಿಗೆ ನಾವೇ ಬಳಲುತ್ತೇವೆ, ಯಂತ್ರಗಳ ಪಾಡೇನು!

ಫಲಿತಾಂಶದ ದಿನ ನಮ್ಮ ಜಿಲ್ಲೆಯ ಹೆಸರನ್ನು ಪಟ್ಟಿಯ ತಳದಿಂದ ಹುಡುಕುವುದು ರೂಢಿಯಾಗಿದೆ. ನಮ್ಮಲ್ಲಿ ಎಷ್ಟೋ ಜನ ಅದನ್ನೇ ನಂಬಿ, ದೊಡ್ಡ ಕೆಲಸವೆಲ್ಲ ಬೆಂಗಳೂರಿನವರದು ಎಂದು ಕೈ ಕಟ್ಟಿ ಕೂತಿದ್ದಾರೆ. ಜಗತ್ತಿನ ಲೆಕ್ಕದಲ್ಲಿ ಒಂದು ಸಾಲು ಯಾದಗಿರಿಯದೂ ಇದೆ ಎಂದು ಪರದೆಯ ಮೇಲೆ ಕಂಡರೆ ಆ ನಂಬಿಕೆ ಸ್ವಲ್ಪ ಅಲುಗಾಡಬಹುದು.

ಪ್ರಾಚಾರ್ಯರು ಒಂದು ತಿಂಗಳು ಅನುಮತಿ ಕೊಡಲಿ. ಮೀಟರ್ ರೀಡಿಂಗ್ ದಿನವೂ ಬರೆದಿಡುವ ಪುಸ್ತಕ ನಮ್ಮ ವಿಭಾಗದ್ದಿರಲಿ, ಲೆಕ್ಕ ಏನೆಂದು ವಿವರಿಸುವ ಕೆಲಸ ವಿಜ್ಞಾನದವರದು.