ಮೊದಲು ಕಿವಿ, ಆಮೇಲೆ ಬಾಯಿ

ಕಳೆದ ತಿಂಗಳು ಒಂದು ಸಂಜೆ ಪರಿಚಿತರೊಬ್ಬರು ಮನೆಗೆ ಬಂದಿದ್ದರು. ಮುಖ ಬಾಡಿತ್ತು. ಅವರ ಮಗಳು ಹೆಚ್ಚಿನ ಓದಿಗೆಂದು ಜರ್ಮನಿಗೆ ಹೋಗಿ ಹತ್ತು ದಿನವೂ ಆಗಿರಲಿಲ್ಲ. ದಿನಕ್ಕೆ ಮೂರು ಸಲ ಫೋನ್ ಮಾಡಿ ಅಳುತ್ತಿದ್ದಳಂತೆ. ಅಂಗಡಿಯಲ್ಲಿ ಉಪ್ಪಿನ ಪೊಟ್ಟಣ ಯಾವುದು, ಸಕ್ಕರೆಯದು ಯಾವುದು ಎಂದು ಓದಲು ಬಾರದೆ ಚಹಕ್ಕೆ ಉಪ್ಪು ಹಾಕಿಕೊಂಡಿದ್ದಳಂತೆ. ಇಲ್ಲಿ ಕಾಲೇಜಿಗೇ ಮೊದಲಿಗಳಾಗಿದ್ದ ಹುಡುಗಿ. ‘ಅಪ್ಪಾ, ಇಲ್ಲಿ ನಾನು ದಡ್ಡಿ. ವಾಪಸು ಬಂದುಬಿಡಲೇ?’ ಎಂದು ಕೇಳಿದಳಂತೆ.

‘ಬಾ ಅನ್ನಲೋ, ಅಲ್ಲೇ ಇರು ಅನ್ನಲೋ? ನೀವೇ ಹೇಳಿ’ ಎಂದರು ಅವರು.

ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಕಣ್ಣು ಕಪಾಟಿನಲ್ಲಿದ್ದ ಒಂದು ದಪ್ಪ ನಿಘಂಟಿನ ಮೇಲೆ ಬಿತ್ತು. ಆ ಹುಡುಗಿ ಹೋದ ದೇಶದಿಂದಲೇ ಒಂದು ಕಾಲದಲ್ಲಿ ಒಬ್ಬ ತರುಣ ನಮ್ಮಲ್ಲಿಗೆ ಬಂದಿದ್ದ. ಅವನೂ ಬುದ್ಧಿವಂತನೇ. ಅವನಿಗೂ ಇಲ್ಲಿಯ ಉಪ್ಪು, ಸಕ್ಕರೆಗಳ ಹೆಸರು ಗೊತ್ತಿರಲಿಲ್ಲ. ಆ ದಿನ ನಾನು ಅವರಿಗೆ ಹೇಳಿದ್ದು ಆ ತರುಣನ ಕಥೆಯನ್ನು.

ಅವನ ಹೆಸರು ಫರ್ಡಿನಂಡ್ ಕಿಟೆಲ್. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಒಂದು ಪುಟ್ಟ ಊರಿನಲ್ಲಿ. ತಂದೆ ಪಾದ್ರಿ. ಹುಡುಗ ಶಾಲೆಯಲ್ಲಿದ್ದಾಗಲೇ ಗ್ರೀಕ್, ಲ್ಯಾಟಿನ್, ಹೀಬ್ರೂ ಕಲಿತವನು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ ತರಬೇತಿ ಪಡೆದ. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಮಂಗಳೂರಿಗೆ ಬಂದ.

ಆಗ ಪ್ರಯಾಣವೆಂದರೆ ಏನು ಎಂಬುದನ್ನು ಸ್ವಲ್ಪ ಊಹಿಸಿಕೊಳ್ಳಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಇನ್ನೂ 16 ವರ್ಷವಿತ್ತು. ದೂರವಾಣಿಯಿರಲಿ, ಯೂರೋಪಿನಿಂದ ಇಲ್ಲಿಗೆ ತಂತಿಯೂ ಇರಲಿಲ್ಲ. ಅಮ್ಮನಿಗೆ ‘ಕ್ಷೇಮವಾಗಿ ತಲುಪಿದೆ’ ಎಂದು ಬರೆದ ಕಾಗದ ಹಡಗಿನಲ್ಲೇ ಹೋಗಬೇಕು. ಅದಕ್ಕೆ ಉತ್ತರ ಬರುವಷ್ಟರಲ್ಲಿ ಇಲ್ಲಿ ಋತುವೇ ಬದಲಾಗಿರುತ್ತಿತ್ತು.

ಬಂದವನ ಕೆಲಸ ಮತಪ್ರಚಾರ. ಅಂದರೆ ಜನರೆದುರು ನಿಂತು ಮಾತನಾಡುವುದು. ಆದರೆ ಯಾವ ಭಾಷೆಯಲ್ಲಿ? ಜರ್ಮನ್ ಕಿವಿಗೆ ನಮ್ಮ ‘ಲ’ಕಾರ ‘ಳ’ಕಾರಗಳ ಭೇದ ಸುಲಭಕ್ಕೆ ಹತ್ತುವುದಿಲ್ಲ. ನಾಲಗೆ ಸ್ವಲ್ಪ ತಪ್ಪಿದರೆ ಹುಲಿ ಹೋಗಿ ಹುಳಿಯಾಗುತ್ತದೆ, ಹಳ್ಳಿ ಹೋಗಿ ಹಲ್ಲಿಯಾಗುತ್ತದೆ. ಸಾಲದ್ದಕ್ಕೆ ಮಂಗಳೂರಿನ ಬೀದಿಯಲ್ಲಿ ಕಿವಿಗೆ ಬೀಳುವುದು ಬರೀ ಕನ್ನಡವಲ್ಲ. ತುಳು ಇದೆ, ಕೊಂಕಣಿ ಇದೆ. ಘಟ್ಟ ಹತ್ತಿ ಧಾರವಾಡಕ್ಕೆ ಹೋದರೆ ಅಲ್ಲಿಯ ಕನ್ನಡದ ಧಾಟಿಯೇ ಬೇರೆ. ಕಲಿಸಲು ಬಂದವನು ಹೀಗೆ ಮೊದಲ ದಿನವೇ ವಿದ್ಯಾರ್ಥಿಯಾಗಬೇಕಾಯಿತು. ಅವನೆದುರು ಇದ್ದ ನಿಜವಾದ ಪರೀಕ್ಷೆ ಇದೇ.

ಕಿಟೆಲ್ ಆ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅವರಿಗೆ ದಾರಿ ತೋರಿದ ಹಿರಿಯರೂ ಇದ್ದರು. ಹರ್ಮನ್ ಮೋಗ್ಲಿಂಗ್ ಎಂಬ ಮಿಷನರಿ 1836ರಲ್ಲೇ ಮಂಗಳೂರಿಗೆ ಬಂದು, ಕನ್ನಡ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದರು. ಕಿಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಜೀವನವನ್ನು ಅಧ್ಯಯನ ಮಾಡಿದವರು ಹೇಳುವಂತೆ, ಕುದುರೆಯ ಮೇಲೆ ಹೋದರೆ ಹಳ್ಳಿಯವರಿಗೂ ತಮಗೂ ನಡುವೆ ದೂರ ಉಳಿಯುತ್ತದೆಂದು ಅವರು ಕಾಲ್ನಡಿಗೆಯಲ್ಲೇ ತಿರುಗಾಡಿದರು. ಜನರ ನಡುವೆ ಜನರಂತೆ ಇರಬೇಕೆಂಬುದು ಅವರ ಹಟ. ಇದು ಮಿಷನ್ನಿನ ಕೆಲವರಿಗೆ ಹಿಡಿಸಲಿಲ್ಲ. ಹೊಸ ಊರಿನಲ್ಲಿ ಪರಕೀಯ, ತನ್ನವರ ನಡುವೆಯೂ ಒಂದಿಷ್ಟು ಒಂಟಿ. ಆ ವಯಸ್ಸಿಗೆ ಇದು ಸಣ್ಣ ಕಷ್ಟವೇನಲ್ಲ.

ಅವರಿಗೆ ಆಸರೆಯಾದದ್ದು ಕೇಳಿಸಿಕೊಳ್ಳುವ ಅಭ್ಯಾಸ. ಪಂಡಿತರಿಂದ ಕಾವ್ಯ, ವ್ಯಾಕರಣ ಕೇಳಿದರು. ಸಾಮಾನ್ಯ ಜನರ ಬಾಯಿಂದ ಗಾದೆ ಕೇಳಿದರು, ಮನೆಬಳಕೆಯ ಮಾತು ಕೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡು ಬರೆದುಕೊಂಡರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ಸುಮಾರು 70,000 ಪದಗಳು. ಮೊದಲ ದಿನದಿಂದ ಆ ದಿನಕ್ಕೆ 41 ವರ್ಷ!

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕಿಟೆಲ್ ಬಂದದ್ದು ಇಲ್ಲಿಯವರನ್ನು ಕ್ರೈಸ್ತಮತಕ್ಕೆ ಸೇರಿಸಲು. ಆ ಉದ್ದೇಶವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಅಂದೂ ಬಹಳ ಜನ ಒಪ್ಪಲಿಲ್ಲ. ಮತಪ್ರಚಾರಕರಾಗಿ ಅವರಿಗೆ ದೊಡ್ಡ ಯಶಸ್ಸು ಸಿಕ್ಕಿತೆಂದು ಯಾರೂ ಹೇಳುವುದಿಲ್ಲ. ಕೊಡಲೆಂದು ಒಂದು ಗ್ರಂಥವನ್ನು ಹಿಡಿದು ಬಂದವರು ಇಲ್ಲಿಂದ ಒಂದು ಭಾಷೆಯನ್ನೇ ಪಡೆದರು. ಪಡೆದದ್ದನ್ನು ಜೋಡಿಸಿ ಮತ್ತೆ ನಮ್ಮ ಕೈಗೇ ಇಟ್ಟರು. ಇಂದು ನಾವು ಅವರನ್ನು ನೆನೆಯುವುದು ಅವರು ಮಾಡಿದ ಉಪದೇಶಕ್ಕಾಗಿ ಅಲ್ಲ, ಕಿವಿಗೊಟ್ಟು ಕೇಳಿದ್ದಕ್ಕಾಗಿ.

ವಿದ್ಯಾರ್ಥಿಗಳೇ, ನೀವು ಜರ್ಮನಿಗೇ ಹೋಗಬೇಕೆಂದಿಲ್ಲ. ಬೀದರಿನಿಂದ ಮಂಗಳೂರಿನ ಹಾಸ್ಟೆಲಿಗೆ ಹೋದರೂ ಮೊದಲ ವಾರ ಹೀಗೇ ಇರುತ್ತದೆ. ಊಟ ಬೇರೆ, ಮಾತಿನ ಧಾಟಿ ಬೇರೆ. ನಿನ್ನೆಯವರೆಗೆ ಜಾಣರೆನಿಸಿಕೊಂಡವರಿಗೆ ಇಂದು ಬಸ್ಸಿನ ಬೋರ್ಡೂ ಅರ್ಥವಾಗದು. ಇದು ದಡ್ಡತನವಲ್ಲ, ಹೊಸತನ. ಕೀಳರಿಮೆ ಬರುವುದು ‘ನನಗೆ ಎಲ್ಲ ಗೊತ್ತಿರಬೇಕಿತ್ತು’ ಎಂದುಕೊಂಡಾಗ. ‘ಇದನ್ನೇನೆನ್ನುತ್ತಾರೆ?’ ಎಂದು ಕೇಳುವವನಿಗೆ ಆ ಕಾಟವಿಲ್ಲ. ಕೇಳಿದರೆ ಎದುರಿನವನು ನಗಬಹುದು. ನಗಲಿ ಬಿಡಿ, ನಗುತ್ತಲೇ ಹೇಳಿಕೊಡುತ್ತಾನೆ.

ಪಾಲಕರಿಗೂ ಒಂದು ಮಾತು. ಅಳುವ ಮಗುವಿಗೆ ‘ವಾಪಸು ಬಂದುಬಿಡು’ ಎಂದು ಅವಸರದಲ್ಲಿ ಹೇಳಬೇಡಿ. ‘ಇಷ್ಟು ದುಡ್ಡು ಸುರಿದಿದ್ದೇವೆ’ ಎಂದು ಗದರಲೂ ಬೇಡಿ. ಅಳುವನ್ನು ಪೂರ್ತಿ ಕೇಳಿಸಿಕೊಳ್ಳಿ. ಹಾಗೆ ಕೇಳಿಸಿಕೊಂಡರೇ ಅದು ಹೊಸ ಜಾಗದ ಅಳುಕೋ, ನಿಜವಾದ ತೊಂದರೆಯೋ ಎಂಬುದು ತಿಳಿಯುತ್ತದೆ. ತೊಂದರೆ ನಿಜವಾದರೆ ಕರೆಸಿಕೊಳ್ಳಲು ನಾಚಿಕೆ ಬೇಡ. ಅಳುಕಾದರೆ ಸ್ವಲ್ಪ ದಿನ ಕೊಡಿ.

ನನ್ನ ಪರಿಚಿತರು ಈಗ ಪ್ರತಿ ಸಂಜೆ ಮಗಳಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇವತ್ತು ಯಾವ ಪದ ಕಲಿತೆ?’ ಮೊದಲ ದಿನ ಸಿಡುಕಿದಳಂತೆ. ಆಮೇಲೊಂದು ದಿನ ಅಂಗಡಿಯ ಮುದುಕಿಯನ್ನು ಕೇಳಿಕೊಂಡು ಬಂದು ಹೇಳಿದಳಂತೆ, ‘ಅಪ್ಪಾ, ಮೇಲ್ ಅಂದರೆ ಇಲ್ಲಿ ಹಿಟ್ಟು!’ ಇಬ್ಬರೂ ನಕ್ಕರಂತೆ.

ಭಾನುವಾರಗಳಲ್ಲಿ ಇನ್ನೂ ಅಳು ಬರುತ್ತದಂತೆ. ಬರಲಿ. ಚಹಕ್ಕೆ ಮಾತ್ರ ಈಗ ಸಕ್ಕರೆಯೇ ಬೀಳುತ್ತಿದೆ.