ಕಾರಣ ಹೇಳದ ನಿರಾಕರಣೆ

ಕಳೆದ ಮಳೆಗಾಲದ ಒಂದು ಸಂಜೆ ಸೋಲೂರಿನ ನನ್ನ ಮನೆಗೆ ತಂದೆ–ಮಗಳು ಇಬ್ಬರು ಬಂದರು. ತಂದೆ ರಾಗಿ ಬೆಳೆಯುವ, ಒಂದು ಎಕರೆಯಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುವ ರೈತ. ಮಗಳು ಸರ್ಕಾರಿ ಕಾಲೇಜಿನಲ್ಲಿ ರಸಾಯನವಿಜ್ಞಾನ ಓದಿದವಳು. ಆ ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳು. ಎಂ.ಎಸ್ಸಿ.ಗಾಗಿ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಎರಡು ಕಡೆ ಇಲ್ಲವೆಂದಾಗಿತ್ತು. ಮೂರನೆಯದರ ಉತ್ತರ ಅಂದು ಬೆಳಿಗ್ಗೆ ಬಂದಿತ್ತು. ಅವಳು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಪರದೆಯ ಮೇಲೆ ಇದ್ದುದು ಒಂದೇ ಸಾಲು: ಆಯ್ಕೆಯಾಗಿಲ್ಲ.

ಹುಡುಗಿ ಅಳಲಿಲ್ಲ. ಮಾತೂ ಆಡಲಿಲ್ಲ. ತಂದೆಯೇ ಬಾಯಿಬಿಟ್ಟರು: "ಮೇಷ್ಟ್ರೇ, ರಾಮನಗರದ ಮಾರ್ಕೆಟ್‌ನಲ್ಲಿ ನಮ್ಮ ಗೂಡಿಗೆ ರೇಟು ಕಡಿಮೆ ಕೂಗಿದ್ರೆ ಯಾಕಪ್ಪಾ ಅಂತ ಕೇಳ್ಬಹುದು. ರೀಲರು ಗೂಡು ಕೈಲಿ ಹಿಡ್ಕೊಂಡು ಇದು ತೆಳು, ಇದು ಕರೆ ಅಂತ ತೋರಿಸ್ತಾನೆ. ಮುಂದಿನ ಬೆಳೆಗೆ ಸರಿ ಮಾಡ್ಕೋತೀವಿ. ಇಲ್ಲಿ ಯಾರನ್ನ ಕೇಳೋದು?"

ಮೂರು ದಶಕಗಳ ಕಾಲ ಕಾಲೇಜಿನಲ್ಲಿ ಪಾಠ ಹೇಳಿದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಯ ಕುರಿತದ್ದು.

ಸೀಟುಗಳು ಕಡಿಮೆ, ಅರ್ಜಿದಾರರು ಹೆಚ್ಚು. ಆದ್ದರಿಂದ ಬಹಳಷ್ಟು ಮಂದಿಗೆ ಇಲ್ಲವೆನ್ನಲೇಬೇಕಾಗುತ್ತದೆ. ಇದರ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಇಲ್ಲವೆನ್ನುವ ಸಂಸ್ಥೆಗೆ, ಏಕೆ ಇಲ್ಲ ಎಂದು ಹೇಳುವ ಹೊಣೆಯೂ ಇರಬೇಡವೇ? ಕಾರಣ ತಿಳಿಯದ ನಿರಾಕರಣೆ ಒಂದು ಪರೀಕ್ಷೆಯ ಫಲಿತಾಂಶವಾಗಿ ಉಳಿಯುವುದಿಲ್ಲ. ಅದು ಹುಡುಗಿಯ ಯೋಗ್ಯತೆಯ ಮೇಲಿನ ತೀರ್ಪಾಗುತ್ತದೆ. ಬಸ್ ನಿಲ್ದಾಣದಲ್ಲಿ, ಮದುವೆ ಮನೆಯಲ್ಲಿ, ನೆಂಟರ ಬಾಯಲ್ಲಿ ಆ ತೀರ್ಪು ಬೆಳೆಯುತ್ತ ಹೋಗುತ್ತದೆ.

ಇದು ನನಗೂ ಅಪರಿಚಿತವಾದ ಅನುಭವವಲ್ಲ. 1978ರಲ್ಲಿ ನಾನೂ ಸ್ನಾತಕೋತ್ತರ ವಿಭಾಗವೊಂದರ ಸೂಚನಾ ಫಲಕದ ಮುಂದೆ ನಿಂತು, ಬೆರಳಚ್ಚಿನ ಪಟ್ಟಿಯಲ್ಲಿ ನನ್ನ ಹೆಸರನ್ನು ಮೂರು ಸಲ ಹುಡುಕಿದ್ದೆ. ಇರಲಿಲ್ಲ. ಊರಿಗೆ ಯಾವ ಮುಖ ಹೊತ್ತು ಹೋಗುವುದೆಂದು ತಿಳಿಯದೆ ಕಾರಿಡಾರಿನಲ್ಲಿ ಕುಳಿತಿದ್ದಾಗ ಕಚೇರಿಯ ಗುಮಾಸ್ತರೊಬ್ಬರು ಕರೆದು ಕಡತ ತೆಗೆದರು. "ಸೀಟು ಇಪ್ಪತ್ತನಾಲ್ಕು, ನೀನು ಮೂವತ್ತೊಂದನೆಯವನು. ನಿನಗೂ ಕೊನೆಯವನಿಗೂ ಎರಡು ಅಂಕದ ವ್ಯತ್ಯಾಸ. ಮುಂದಿನ ವರ್ಷ ಬಾ" ಎಂದರು. ಆ ಮಾತಿನಿಂದ ನನಗೆ ಸೀಟು ಸಿಗಲಿಲ್ಲ. ಆದರೆ ನಾನು ದಡ್ಡನಲ್ಲ, ಮೂವತ್ತೊಂದನೆಯವನು ಮಾತ್ರ ಎಂಬುದು ತಿಳಿಯಿತು. ಮರುವರ್ಷ ಹೋದೆ, ಸೇರಿದೆ. ಆ ಗುಮಾಸ್ತರು ತಮ್ಮ ಕೆಲಸದ ವ್ಯಾಪ್ತಿಯನ್ನು ಮೀರಿ ಒಂದು ನಿಮಿಷ ವ್ಯಯಿಸದಿದ್ದರೆ ನಾನು ಮೇಷ್ಟ್ರಾಗುತ್ತಿದ್ದೆನೇ ಎಂಬ ಅನುಮಾನ ಇಂದಿಗೂ ಇದೆ.

ಸೋಲೂರಿನಿಂದ ನೆಲಮಂಗಲದ ಮೇಲೆ ಯಶವಂತಪುರಕ್ಕೆ ಹೋದರೆ ಅಲ್ಲಿಂದ ಸಮೀಪದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಹಳಬರಿಗೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ನಮ್ಮ ರಾಜ್ಯದಲ್ಲಿ ನಡೆದ ಅತ್ಯಂತ ಪ್ರಸಿದ್ಧ ಪ್ರವೇಶ ನಿರಾಕರಣೆ ನಡೆದದ್ದು ಅಲ್ಲಿಯೇ. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ರಸಾಯನವಿಜ್ಞಾನದಲ್ಲಿ ಉನ್ನತ ಅಂಕಗಳೊಂದಿಗೆ ಪದವಿ ಪಡೆದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಸಂಶೋಧನೆಗೆ ಅರ್ಜಿ ಹಾಕಿದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಹೆಣ್ಣೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೆ ಬಂದು ನಿರ್ದೇಶಕರ ಎದುರಿಗೇ ವಾದಿಸಿದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು: ಮೊದಲ ವರ್ಷ ಅವರು ಪೂರ್ಣ ಪ್ರಮಾಣದ ವಿದ್ಯಾರ್ಥಿಯಲ್ಲ, ಕೆಲಸ ತೃಪ್ತಿಕರವೆನಿಸಿದರೆ ಮಾತ್ರ ಮನ್ನಣೆ. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ದುಡಿದು, ವರ್ಷದೊಳಗೆ ರಾಮನ್ ಅವರೇ ಒಪ್ಪುವಂತೆ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದು, ವಿಜ್ಞಾನ ವಿಷಯದಲ್ಲಿ ಆ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. ಆದರೂ ಆ ಅವಮಾನವನ್ನು ಮರೆಯಲಾಗಲಿಲ್ಲವೆಂದು ದಶಕಗಳ ನಂತರವೂ ಹೇಳಿಕೊಂಡರು.

ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳಲಾಗುತ್ತದೆ. ಅದು ನಿಜ. ಆದರೆ ಇನ್ನೂ ಎರಡು ಸಂಗತಿಗಳು ಅದರಲ್ಲಿವೆ. ಮೊದಲನೆಯದು, ಕಮಲಾ ಅವರಿಗೆ ಕಾರಣವನ್ನು ಮುಖಕ್ಕೆ ಹೇಳಲಾಗಿತ್ತು. ಅದು ಅನ್ಯಾಯದ ಕಾರಣ. ಆದರೆ ಕಾರಣ ಎದುರಿಗಿದ್ದುದರಿಂದಲೇ ಅದರ ವಿರುದ್ಧ ವಾದಿಸಲು ಸಾಧ್ಯವಾಯಿತು. ಎರಡನೆಯದು, ಅವರ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನವಿಜ್ಞಾನಿಗಳು. ಯಾವ ಬಾಗಿಲು ತಟ್ಟಬೇಕು, ಯಾರನ್ನು ಕೇಳಬೇಕು ಎಂಬುದು ಆ ಮನೆಗೆ ಗೊತ್ತಿತ್ತು. ನನ್ನ ಮುಂದೆ ಕುಳಿತಿದ್ದ ಹುಡುಗಿಗೆ ಇವೆರಡೂ ಇಲ್ಲ. ಅವಳನ್ನು ನಿರಾಕರಿಸಿದ್ದು ಮನುಷ್ಯನೋ ಯಂತ್ರವೋ ಎಂಬುದೂ ಅವಳಿಗೆ ತಿಳಿಯದು.

ಈಚಿನ ವರ್ಷಗಳಲ್ಲಿ ಪ್ರವೇಶದ ವ್ಯವಸ್ಥೆ ಒಂದು ಬಗೆಯಲ್ಲಿ ಸರಳವಾಗಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಆದರೆ ಪರೀಕ್ಷೆ ಒಂದಾದರೂ ಅದರ ನಂತರ ಒಂದೊಂದು ವಿಶ್ವವಿದ್ಯಾಲಯಕ್ಕೂ ಪ್ರತ್ಯೇಕ ನೋಂದಣಿ, ಪ್ರತ್ಯೇಕ ವೇಳಾಪಟ್ಟಿ. ನಮ್ಮ ವಿಶ್ವವಿದ್ಯಾಲಯಗಳ ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾದರೆ ಅಂಕಪಟ್ಟಿಯಿಲ್ಲದೆ ಹೊರಗುಳಿಯುವವರೂ ಉಂಟು. ಇಂಥ ಜಾಲದಲ್ಲಿ ಎಲ್ಲಿ ಎಡವಿದೆವೆಂದು ತಿಳಿಯದವರು ಎಡವಿದ್ದು ತಮ್ಮ ತಲೆಯೇ ಎಂದು ತಿಳಿಯುತ್ತಾರೆ.

ಕಾನೂನು ಈ ಮಕ್ಕಳ ಪರವಾಗಿಲ್ಲವೆಂದಲ್ಲ. ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು. ಆದರೆ ಉತ್ತರಿಸಲು ಕಾಯ್ದೆ ಕೊಡುವ ಅವಧಿ ಮೂವತ್ತು ದಿನ. ಅಷ್ಟರಲ್ಲಿ ಸೀಟು ತುಂಬಿ ತರಗತಿಯೂ ಶುರುವಾಗಿರುತ್ತದೆ. ಕೇಳಿದ ಮೇಲೆ ಸಿಗುವ ಕಾರಣ ಇಲ್ಲಿ ಕೆಲಸಕ್ಕೆ ಬಾರದು, ಕೇಳದೆಯೇ ಸಿಗಬೇಕು.

ಸಾವಿರಾರು ಅರ್ಜಿಗಳಿರುವಾಗ ಪ್ರತಿಯೊಬ್ಬರಿಗೂ ಕಾರಣ ಬರೆಯುತ್ತ ಕೂರಲು ಸಾಧ್ಯವೇ ಎಂದು ವಿಶ್ವವಿದ್ಯಾಲಯಗಳು ಕೇಳಬಹುದು. ಯಾರೂ ಪತ್ರ ಬರೆಯಬೇಕಿಲ್ಲ. ಅರ್ಜಿದಾರರ ಅಂಕ, ಶ್ರೇಣಿ, ಅವರ ಪ್ರವರ್ಗದಲ್ಲಿ ಕೊನೆಯ ಸೀಟು ಪಡೆದವರ ಅಂಕ, ಕಾಯುವ ಪಟ್ಟಿಯಲ್ಲಿನ ಸ್ಥಾನ: ಈ ನಾಲ್ಕು ಅಂಕಿಗಳು ಸಾಕು. ಪಟ್ಟಿ ತಯಾರಿಸುವ ಗಣಕಯಂತ್ರದಲ್ಲಿ ಅವು ಈಗಾಗಲೇ ಇವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತಾನು ನಡೆಸುವ ಪಿಜಿಸಿಇಟಿಯಲ್ಲಿ ರ‍್ಯಾಂಕನ್ನೂ ಸೀಟು ಹಂಚಿಕೆಯ ಕೊನೆಯ ರ‍್ಯಾಂಕನ್ನೂ ತಿಳಿಸುತ್ತಿದೆ. ಒಂದು ಪ್ರಾಧಿಕಾರಕ್ಕೆ ಸಾಧ್ಯವಾದದ್ದು ಉಳಿದವರಿಗೆ ಏಕೆ ಅಸಾಧ್ಯ?

ಸಂದರ್ಶನವಿರುವಲ್ಲಿ ಈ ಪಾರದರ್ಶಕತೆ ಇನ್ನೂ ಮುಖ್ಯ. ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ. ಪ್ರವೇಶದಲ್ಲಿ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ ಕೊಟ್ಟಿದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ತಡವರಿಸುವ ವಿದ್ಯಾರ್ಥಿ ಸೋತದ್ದು ವಿಷಯದಲ್ಲೋ ಭಾಷೆಯಲ್ಲೋ ಎಂಬುದು ಅವನಿಗೆ ತಿಳಿಯಬೇಕು. ಭಾಷೆಯಲ್ಲಾದರೆ ಆರು ತಿಂಗಳ ಅಭ್ಯಾಸದಿಂದ ಸರಿಪಡಿಸಿಕೊಳ್ಳಬಹುದು. ಏನೂ ತಿಳಿಯದಿದ್ದರೆ ಅವನು ವಿಷಯವನ್ನೇ ಬಿಟ್ಟುಬಿಡುತ್ತಾನೆ.

ಹಣದ ವಿಷಯವೂ ಇದೆ. ಮೊದಲು ಕರೆದ ಕಡೆ ಶುಲ್ಕ ಕಟ್ಟಿದವರು, ನಂತರ ಇಷ್ಟದ ಕಡೆ ಸೀಟು ಸಿಕ್ಕರೂ ಕಟ್ಟಿದ ಹಣದ ಭಯದಿಂದ ಅಲ್ಲಿಯೇ ಉಳಿಯುವುದುಂಟು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಬಿಟ್ಟುಹೋದರೆ ಪೂರ್ಣ ಶುಲ್ಕ ಹಿಂತಿರುಗಿಸಬೇಕು, ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲಿ ಅಧಿಸೂಚನೆ ಹೊರಡಿಸಿತ್ತು. ಇದನ್ನು ಬಲ್ಲ ತಂದೆತಾಯಿಗಳು ನಮ್ಮ ಹೋಬಳಿಯಲ್ಲಿ ಎಷ್ಟು ಮಂದಿ? ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು, ಧನಸಹಾಯದೊಡನೆ ಬಂದ ಆಹ್ವಾನಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸುವಂತೆ ಒತ್ತಾಯಿಸುವುದಿಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿವೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಾದರೂ ಕುಳಿತು ಇಂಥ ಒಂದು ದಿನಾಂಕವನ್ನು ಗೊತ್ತುಮಾಡಬಾರದೇ?

ಇವೆಲ್ಲ ಆಗುವವರೆಗೆ ಕಾಲೇಜುಗಳೂ ಮನೆಗಳೂ ಮಾಡಬಹುದಾದ ಕೆಲಸವಿದೆ. ಪ್ರತಿ ಪದವಿ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರಾದರೂ ಅಂತಿಮ ವರ್ಷದವರ ಅರ್ಜಿಗಳನ್ನು ನೋಡಲಿ; ಆಯ್ಕೆಯಾಗದವರನ್ನು ಮತ್ತೆ ಕರೆದು ಮಾತಾಡಿಸಲಿ. ಸೀಟು ಸಿಕ್ಕವರ ಭಾವಚಿತ್ರ ಫ್ಲೆಕ್ಸಿನಲ್ಲಿ ಹಾಕುವ ನಾವು ಸಿಗದವರ ಮನೆಯ ಕಡೆ ಹೋಗುವುದಿಲ್ಲ. ತಂದೆತಾಯಿಗಳು ಒಂದು ವರ್ಷ ಹೋಯಿತೆಂದು ಹಲುಬದಿರಲಿ. ಒಂದು ಬೆಳೆ ಕೈಕೊಟ್ಟಿತೆಂದು ಹೊಲ ಮಾರುವ ರೈತನಿಲ್ಲ. ಮಗು ಊಟ ಬಿಟ್ಟು, ಮಾತು ಬಿಟ್ಟು ಕೋಣೆ ಸೇರಿದರೆ ಮಾತ್ರ ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ಸಂಜೆ ನಾವು ಮೂವರೂ ಕುಳಿತು ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆದೆವು. ತನ್ನ ಅಂಕವೆಷ್ಟು, ಶ್ರೇಣಿಯೆಷ್ಟು, ಕೊನೆಯ ಸೀಟು ಎಷ್ಟು ಅಂಕಕ್ಕೆ ಮುಗಿಯಿತು ಎಂದಷ್ಟೇ ಅವಳು ಕೇಳಿದ್ದಳು. ಐದು ವಾರಗಳ ನಂತರ ಉತ್ತರ ಬಂತು. ಕೊನೆಯವರಿಗೂ ಅವಳಿಗೂ ಇದ್ದ ಅಂತರ ಮೂರು ಅಂಕ. ಅದನ್ನು ಹಿಡಿದು ಬಂದ ತಂದೆ, "ಇಷ್ಟೇನಾ ಮೇಷ್ಟ್ರೇ?" ಎಂದರು. ಇಷ್ಟೇ. ಆ ಮೂರು ಅಂಕಗಳ ವಿಷಯ ಮೊದಲ ದಿನವೇ ಆ ಪರದೆಯ ಮೇಲೆ ಇದ್ದಿದ್ದರೆ ಒಂದು ಮನೆ ಐದು ವಾರ ಸೂತಕದಲ್ಲಿ ಕಳೆಯಬೇಕಿರಲಿಲ್ಲ. ಹುಡುಗಿ ಈಗ ಮತ್ತೆ ಪರೀಕ್ಷೆಗೆ ಓದುತ್ತಿದ್ದಾಳೆ.