ಕಾಂಜಿ ಕಲಿಕೆಗೆ ಪಟ್ಟಿ ಬೇಡ, ಪದ ಬೇಕು

ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಬಿಡದಿ. ಅಲ್ಲಿ ಟೊಯೋಟ ಕಿರ್ಲೋಸ್ಕರ್ 1999ರಿಂದ ಕಾರು ತಯಾರಿಸುತ್ತಿದೆ. ನುರಿತ ಕೆಲಸಗಾರರನ್ನು ಜಪಾನಿಗೆ ಕಳಿಸುವ ಬಗ್ಗೆ ಭಾರತ, ಜಪಾನ್ 2021ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿವೆ. ಹೀಗಾಗಿ ಈ ಭಾಗದ ಹುಡುಗ ಹುಡುಗಿಯರಿಗೆ ಜಪಾನಿ ಭಾಷೆ ಬರೀ ಶೋಕಿಯ ಕಲಿಕೆಯಲ್ಲ. ಅವರನ್ನು ಹೆದರಿಸುವುದು ಆ ಭಾಷೆಗೆ ಚೀನಾದಿಂದ ಬಂದ ಕಾಂಜಿ ಲಿಪಿ. ಆ ಹೆದರಿಕೆಗೆ ಅರ್ಧ ಕಾರಣ ನಮ್ಮ ಬಾಯಿಪಾಠದ ಚಾಳಿ: ಒಂದು ಅಕ್ಷರ, ಅದರ ಅರ್ಥ, ಪಕ್ಕದಲ್ಲಿ ಅದರ ಎಲ್ಲ ಉಚ್ಚಾರಗಳ ಪಟ್ಟಿ. ಈ ಪಟ್ಟಿಯನ್ನು ಮೊದಲು ಬದಿಗಿಡಬೇಕು.

ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಕಾಂಜಿಗಳು 2,136; ಅವುಗಳ ಉಚ್ಚಾರಗಳು 4,388. ಜೀವ, ಹುಟ್ಟು ಎಂಬರ್ಥದ ಒಂದೇ ಅಕ್ಷರಕ್ಕೆ 12 ಉಚ್ಚಾರಗಳಿವೆ. ಗುರು ಎಂಬರ್ಥದ 'ಸೆನ್ಸೇ'ಯಲ್ಲಿ ಅದು 'ಸೇ', ಜೀವಮಾನವೆಂಬ 'ಇಶ್ಶೋ'ದಲ್ಲಿ 'ಶೋ', ಹಸಿ ಮೊಟ್ಟೆ ಎನ್ನುವಾಗ 'ನಮ'. ಪಟ್ಟಿಯಲ್ಲಿ ಇದು ಹುಚ್ಚಾಟದಂತೆ ಕಾಣುತ್ತದೆ. ಆದರೆ ಇದಕ್ಕೆ ಚರಿತ್ರೆಯಿದೆ. ಚೀನಾದಿಂದ ಲಿಪಿಯ ಜೊತೆ ಬಂದ ಉಚ್ಚಾರ 'ಓನ್'. ಅದೇ ಅಕ್ಷರಕ್ಕೆ ಜಪಾನೀಯರು ತಮ್ಮ ಮಾತಿನ ಪದ ಹೊಂದಿಸಿದಾಗ ಹುಟ್ಟಿದ್ದು 'ಕುನ್'. ಸಾಮಾನ್ಯವಾಗಿ ಒಂಟಿಯಾಗಿದ್ದರೆ ಕುನ್, ಸಮಾಸದಲ್ಲಿ ಓನ್. ಕನ್ನಡಿಗರಿಗೆ ಇದು ಹೊಸತೇನಲ್ಲ. ನಾವು ಹತ್ತುವುದು ಬೆಟ್ಟವನ್ನೇ. ಫಲಕದ ಮೇಲೆ ಮಾತ್ರ ಅದು ನಂದಿ ಗಿರಿಧಾಮ. ಯಾರೂ 'ಬೆಟ್ಟಧಾಮ' ಎನ್ನುವುದಿಲ್ಲ. ಜಪಾನಿಯಲ್ಲೂ ಬೆಟ್ಟ 'ಯಮ', ಆದರೆ ಫುಜಿಯ ಜೊತೆ ಸೇರಿದರೆ 'ಫುಜಿಸಾನ್'. (ಈ 'ಸಾನ್' ನಾವು ಅಂದುಕೊಂಡ ಗೌರವಸೂಚಕವಲ್ಲ.) ನಮ್ಮ ಅರಿಸಮಾಸದಂಥ ಬೆರಕೆಯೂ ಅಲ್ಲಿದೆ: ಊಟದ ಡಬ್ಬಿ 'ಜೂಬಾಕೊ'ದ ಮೊದಲರ್ಧ ಓನ್, ಉಳಿದದ್ದು ಕುನ್.

ಬೆಟ್ಟ, ಗಿರಿಗಳನ್ನು ನಾವು ಬೇರೆ ಬೇರೆಯಾಗಿ ಬರೆಯುತ್ತೇವಲ್ಲ, ಅಲ್ಲಿ ಒಂದೇ ಅಕ್ಷರ ಎಂಬ ಆಕ್ಷೇಪ ಬರಬಹುದು. ನಿಜ. ಆದರೆ '2' ಎಂಬ ಅಂಕಿಯನ್ನು ನೋಡಿ. ಒಂಟಿಯಾಗಿದ್ದರೆ ಎರಡು, '2 ಜನ' ಇದ್ದರೆ ಇಬ್ಬರು, '200' ಆದರೆ ಇನ್ನೂರು. ಇದನ್ನು ಯಾವ ಮಗುವೂ ಪಟ್ಟಿಯಿಂದ ಕಲಿತಿಲ್ಲ. ಪರೀಕ್ಷೆಗೆ ಪಟ್ಟಿ ಬೇಕೇ ಬೇಕು ಎನ್ನುವವರೂ ಇದ್ದಾರೆ. ಆದರೆ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿಯ ಕಾಂಜಿ ಪ್ರಶ್ನೆ ಕೇಳುವುದು ವಾಕ್ಯದೊಳಗೆ ಗೆರೆ ಎಳೆದ ಪದದ ಉಚ್ಚಾರವನ್ನು, ಅಕ್ಷರದ ಜಾತಕವನ್ನಲ್ಲ. ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ: ಎಷ್ಟೋ ಕಾಂಜಿಗಳ ಒಂದು ಭಾಗವೇ ಓನ್ ಉಚ್ಚಾರದ ಸುಳಿವು ಕೊಡುತ್ತದೆ. ನೀಲಿ ಎಂಬರ್ಥದ ಭಾಗವಿರುವ 'ಶುದ್ಧ', 'ತಿಳಿಯಾದ ಆಕಾಶ' ಎಂಬರ್ಥದ ಅಕ್ಷರಗಳೆರಡೂ 'ಸೇ'. ಇದು ಉಪಯುಕ್ತವೇ. ಆದರೆ ಇಂಥ ಹೋಲಿಕೆ ಕಣ್ಣಿಗೆ ಬೀಳಬೇಕಾದರೆ ಒಂದಿಷ್ಟು ಪದಗಳು ಮೊದಲೇ ಗೊತ್ತಿರಬೇಕು. ಜಪಾನಿನಲ್ಲಿ ಒಂದನೇ ತರಗತಿಗೆ 80 ಕಾಂಜಿ ಕಲಿಸುತ್ತಾರೆ. ಆ ಮಕ್ಕಳ ಬಾಯಲ್ಲಿ ಪದಗಳು ಆಗಲೇ ಇರುತ್ತವೆ, ಅಕ್ಷರ ಆಮೇಲೆ ಬಂದು ಕೂರುತ್ತದೆ. ಕೆಂಗೇರಿಯ ವಿದ್ಯಾರ್ಥಿಗೆ ಆ ಪದಗಳನ್ನು ತರಗತಿಯೇ ಕೊಡಬೇಕು.